ದೀಪ ಹೊತ್ತಿದರೆ ನೀರೂ ಬದಲಾಗುತ್ತದೆ

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ 75 ಗ್ಯಾಲನ್‌ನ ಉಪ್ಪುನೀರಿನ ಟ್ಯಾಂಕ್ ಇದೆ. ಅಂದರೆ ಸುಮಾರು 280 ಲೀಟರ್. ಮೀನು ಕಡಿಮೆ, ಹವಳವೇ ಜಾಸ್ತಿ. ಎಲ್ಲವೂ ಇಲ್ಲಿನ ಹವ್ಯಾಸಿಗಳು ತಮ್ಮ ಟ್ಯಾಂಕ್‌ನಲ್ಲೇ ಬೆಳೆಸಿ, ಮುರಿದು ಕೊಟ್ಟ ತುಂಡುಗಳು. ಊರಿನ ಗೆಳೆಯರು ನಾವೂ ಇಡಬಹುದಾ ಅಂತ ಕೇಳುತ್ತಾರೆ. ಗಟ್ಟಿ ಹವಳಗಳು ಭಾರತದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ದಯವಿಟ್ಟು ಕೈ ಹಾಕಬೇಡಿ. ನೇತ್ರಾಣಿ ದ್ವೀಪದ ಸುತ್ತ ಅವು ಕಡಲಲ್ಲೇ ಚೆನ್ನಾಗಿರಲಿ.

ಈ ಚಳಿಗಾಲದಲ್ಲಿ ಒಂದು ಅಕ್ರೊಪೊರಾ ಹವಳ ಬುಡದಿಂದ ಬೆಳ್ಳಗಾಗತೊಡಗಿತು. ತುದಿಗಳು ಚೆನ್ನಾಗಿವೆ, ಬುಡದಲ್ಲಿ ಮಾತ್ರ ಮೇಲಿನ ಜೀವಂತ ಪದರ ಸರಿದು ಒಳಗಿನ ಬಿಳಿ ಕಾಣುತ್ತಿದೆ. ನೀರು ಪರೀಕ್ಷೆ ಮಾಡಿದರೆ ದೂರುವಂಥದ್ದು ಏನೂ ಇಲ್ಲ. ಉಪ್ಪು ಸಾವಿರಕ್ಕೆ 35 ಭಾಗ, ಕ್ಯಾಲ್ಸಿಯಂ 430, ಮೆಗ್ನೀಸಿಯಂ 1350 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಇಷ್ಟು ಭಾಗ. ಹಾಗಾದರೆ ಬೆಳಕನ್ನೇ ಅಳೆಯೋಣ ಅಂದುಕೊಂಡೆವು. ಹವ್ಯಾಸಿಗಳ ಬಳಗದಿಂದ ಪಾರ್ ಮೀಟರ್ ತಂದು, ಒಂದು ಶನಿವಾರ ಪೂರ್ತಿ ಅದಕ್ಕೇ ಇಟ್ಟೆವು. ಅದೇ ದಿನ ಆಲ್ಕಲಿನಿಟಿಯನ್ನೂ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟ್‌ಗಳ ಪ್ರಮಾಣವನ್ನೂ, ಬೆಳಿಗ್ಗೆಯಿಂದ ರಾತ್ರಿವರೆಗೆ ನೋಡುವುದು ಅಂತ ಮಗಳು ಹಟ ಹಿಡಿದಳು. ನೋಟ್‌ಬುಕ್ ಅವಳದೇ.

ಪಾರ್ ಮೀಟರ್ ಅಳೆಯುವುದು ಗಿಡ, ಪಾಚಿಗಳು ಅಡುಗೆಗೆ ಬಳಸಬಲ್ಲ ಬೆಳಕನ್ನು, 400ರಿಂದ 700 ನ್ಯಾನೋಮೀಟರ್ ನಡುವಿನದನ್ನು. ಇದರಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಕಣ್ಣು ಹಸಿರಿಗೆ ಚುರುಕು, ಕಡುನೀಲಿಗೆ ಮಂದ. ಕಡಲಲ್ಲಿ ಕೆಂಪು ಬೆಳಕನ್ನು ಮೇಲಿನ ಕೆಲವು ಮೀಟರ್ ನೀರೇ ನುಂಗಿಬಿಡುತ್ತದೆ, ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಹವಳದ ಮೈಯೊಳಗೆ ವಾಸಿಸುವ ಸಣ್ಣ ಪಾಚಿಗಳು ಆ ನೀಲಿಯಿಂದಲೇ ಸಕ್ಕರೆ ತಯಾರಿಸಿ ಹವಳಕ್ಕೂ ಕೊಡುತ್ತವೆ. ಟ್ಯಾಂಕ್‌ಗೆ ನೀಲಿ ದೀಪ ಹಾಕುವುದು ಬರೀ ಚೆಂದಕ್ಕಲ್ಲ.

ಬಿಳಿ ದೀಪ ಆರಿಸಿ ನೀಲಿ ಮಾತ್ರ ಬಿಟ್ಟಾಗ ಕೋಣೆ ಕತ್ತಲಾಯಿತು. ಮೀಟರ್ ಮಾತ್ರ ಹೆಚ್ಚು ಇಳಿಯಲಿಲ್ಲ. ಮತ್ತೆ ಎಲ್ಲ ದೀಪ ಹಚ್ಚಿ ಅಕ್ರೊಪೊರಾದ ತುದಿಗೆ ಹಿಡಿದೆವು, 290. ಬುಡದಲ್ಲಿ 70! ಮೇಲಿನ ಬಂಡೆಯಲ್ಲಿದ್ದ ಮಾಂಟಿಪೊರಾ ಎಂಬ ಇನ್ನೊಂದು ಹವಳ ತಟ್ಟೆಯಂತೆ ಅಗಲವಾಗಿ ಬೆಳೆದು ನೆರಳು ಹಾಕಿತ್ತು. ಎದುರಿನಿಂದ ನೋಡಿದರೆ ಆ ನೆರಳು ಗೊತ್ತೇ ಆಗುತ್ತಿರಲಿಲ್ಲ.

ಬುಡದ ಕಾರಣ ಸಿಕ್ಕಿತು. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಮಗಳ ನೋಟ್‌ಬುಕ್.

ಹವಳ ಖರ್ಚು ಮಾಡಿದ್ದನ್ನು ನೀರಿಗೆ ಹನಿಹನಿಯಾಗಿ ತುಂಬುವ ಡೋಸಿಂಗ್ ಪಂಪ್ ಆ ದಿನ ನಿಲ್ಲಿಸಿದ್ದೆವು. ಬೆಳಿಗ್ಗೆ ದೀಪ ಹೊತ್ತುವ ಮೊದಲು ಆಲ್ಕಲಿನಿಟಿ 8.5 ಡಿಕೆಎಚ್ (ಆಲ್ಕಲಿನಿಟಿಯನ್ನು ಅಳೆಯುವ ಮಾನ). ಮಧ್ಯಾಹ್ನ 8.2. ರಾತ್ರಿ ದೀಪ ಆರುವಾಗ 7.8. ಮರುದಿನ ಬೆಳಿಗ್ಗೆ 7.7.

"ಅಪ್ಪ, ರಾತ್ರಿಯೆಲ್ಲ ಸೇರಿ ಇಷ್ಟೇನಾ?" ಅಂದಳು.

ಮನೆಯ ಕಿಟ್ ಅಷ್ಟು ನಿಖರವಲ್ಲ, ನಿಜ. ಆದರೂ ಇಳಿಕೆ ಹೆಚ್ಚುಕಡಿಮೆ ಎಲ್ಲ ಹಗಲಿನದೇ. ಬೆಳಕಿದ್ದಾಗ ಪಾಚಿ ದುಡಿಯುತ್ತದೆ, ಹವಳ ಬೇಗ ಬೇಗ ತನ್ನ ಸುಣ್ಣದ ಗೂಡು ಕಟ್ಟುತ್ತದೆ. ಅದಕ್ಕೆ ಕ್ಯಾಲ್ಸಿಯಂ ಜೊತೆ ಬೇಕಾದ ಕಾರ್ಬೊನೇಟ್ ಬರುವುದು ಆಲ್ಕಲಿನಿಟಿಯಿಂದ. ದೀಪ ಜಾಸ್ತಿ ಮಾಡಿದರೆ ಆಲ್ಕಲಿನಿಟಿಯ ಖರ್ಚೂ ಜಾಸ್ತಿ. ಬೆಳಕು, ನೀರು ಇವೆರಡನ್ನೂ ಬೇರೆ ಬೇರೆ ಪಾಠಗಳಂತೆ ಓದುವುದೇ ತಪ್ಪು ಅಂತ ನನಗೆ ಅನಿಸಿತು.

"ಮತ್ತೆ ಕ್ಯಾಲ್ಸಿಯಂ ಯಾಕೆ ಹಾಗೇ ಇದೆ?" ಇನ್ನೊಂದು ಪ್ರಶ್ನೆ. ಒಳ್ಳೆಯ ಪ್ರಶ್ನೆ, ಅಲ್ವಾ? ಒಂದು ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಇಳಿಯುವುದು ಸುಮಾರು 7 ಪಿಪಿಎಂ ಮಾತ್ರ. 430ರಲ್ಲಿ ಐದಾರು ಕಡಿಮೆಯಾದರೆ ನಮ್ಮ ಕಿಟ್‌ಗೆ ತಿಳಿಯುವುದೇ ಇಲ್ಲ. ಆದರೆ 8.5ರಲ್ಲಿ 0.8 ಹೋದರೆ ಅದು ಹತ್ತರಲ್ಲಿ ಒಂದು ಪಾಲು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಬೇರೆಲ್ಲ ವಾರಕ್ಕೊಮ್ಮೆ ನೋಡಿದರೂ ನಡೆದೀತು, ಆಲ್ಕಲಿನಿಟಿಯನ್ನು ಆಗಾಗ ನೋಡಿ. ಮತ್ತೆ ಅದು ಏರಿಳಿಯದಂತೆ ಕಾಯಿರಿ.

ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಬೆಳಿಗ್ಗೆ 7.9, ಸಂಜೆ 8.2 ಇತ್ತು. ಹಗಲು ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಏರುತ್ತದೆ. ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ನಮ್ಮ ಉಸಿರೇ ಅದನ್ನು ಇಳಿಸುತ್ತದೆ. ಇದಕ್ಕೆ ರಾತ್ರಿ ಹೊತ್ತು ಸುಣ್ಣದ ತಿಳಿನೀರು ಹನಿ ಹನಿಯಾಗಿ ಬಿಡುತ್ತೇವೆ. ಅದು ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಕೊಟ್ಟು ಪಿಎಚ್ ಕೂಡ ಏರಿಸುತ್ತದೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ರಸಾಯನ ಅದೇ. ಆದರೆ ಎಲೆಅಡಿಕೆಯ ಸುಣ್ಣ ಹಾಕಬೇಡಿ, ಶುದ್ಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು. ಒಮ್ಮೆಲೇ ಸುರಿಯಲೂಬಾರದು. ತಿಳಿಯ ಪಿಎಚ್ 12 ದಾಟಿರುತ್ತದೆ.

ಭಾನುವಾರ ಮಾಂಟಿಪೊರಾದ ಅಂಚು ಮುರಿದು ಬೇರೆ ಕಡೆ ಅಂಟಿಸಿದೆವು. ನೆರಳಿಗೆ ಒಗ್ಗಿದ ಬುಡಕ್ಕೆ ಒಮ್ಮೆಲೇ ಬೆಳಕು ಬಿದ್ದರೆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳಬಹುದು. ಹಾಗಾಗಿ ದೀಪವನ್ನು ಮೊದಲು ತಗ್ಗಿಸಿ, ವಾರವಾರಕ್ಕೆ ಸ್ವಲ್ಪ ಏರಿಸುತ್ತಿದ್ದೇವೆ. ಪ್ರತಿ ಏರಿಕೆಯ ನಂತರ ಆಲ್ಕಲಿನಿಟಿ ನೋಡಿ ಡೋಸ್ ಹೊಂದಿಸುತ್ತೇವೆ. ಮೀಟರ್ ಮತ್ತೆ ನಮ್ಮ ಸರದಿಗೆ ಬಂದಾಗ ಬಲಗಡೆಯ ಮೂಲೆ ನೋಡಬೇಕು. ಅಲ್ಲಿನ ಟಾರ್ಚ್ ಹವಳ ಸಂಜೆಗೆ ಬೇಗ ಮುದುಡುತ್ತಿದೆ. ಬೆಳಕು ಹೆಚ್ಚಾಯಿತೋ, ನೀರಿನ ಸೆಳೆತ ಜೋರಾಯಿತೋ, ಅಳೆಯದೆ ಹೇಳಲಾಗದು.