ಬಣ್ಣ ಬಿಡ್ರಿ, ಕೈ ನೋಡ್ರಿ

ಅಕ್ವೇರಿಯಂ ಅಂಗಡಿಗಳಲ್ಲಿ ಆರಪಾರ ಕಾಣುವ ಸೀಗಡಿ ಯಾವುದೇ ಇರಲಿ, ಅದಕ್ಕೆ ಒಂದೇ ಹೆಸರು: ಗೋಸ್ಟ್ ಶ್ರಿಂಪ್. ರೇಟು ಕಡಿಮೆ. "ಟ್ಯಾಂಕ್ ಕ್ಲೀನ್ ಮಾಡ್ತಾವ್ರಿ" ಅಂತ ಹೇಳಿ ಚೀಲಕ್ಕೆ ಹಾಕಿ ಕಟ್ಟಿ ಕೊಡುತ್ತಾರೆ. ಆ ಒಂದು ಹೆಸರಿನ ಕೆಳಗೆ ಸ್ವಭಾವದಲ್ಲಿ ಒಂದಕ್ಕೊಂದು ತಾಳಮೇಳವೇ ಇಲ್ಲದ ಪ್ರಾಣಿಗಳು ಸೇರಿಕೊಂಡಿರುತ್ತವೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುವ ನಮ್ಮಕ್ಕನ ಮನೆಯಲ್ಲಿ ಒಂದು ರವಿವಾರ ಪೂರ್ತಿ ಇದೇ ಪಂಚಾಯ್ತಿ ನಡೆಯಿತು.

ಅಕ್ಕನ ಮಗ ಕಾಲೇಜು ಹುಡುಗ. ಎರಡಡಿ ಟ್ಯಾಂಕ್ ಇಟ್ಟಿದ್ದಾನೆ. ಜಾವಾ ಮಾಸ್ ಅನ್ನೋ ನೀರುಗಿಡ, ಒಂದು ಕಟ್ಟಿಗೆ ತುಂಡು, ನಿಯಾನ್ ಟೆಟ್ರಾ ಮೀನು, ಕೆಂಪು ಚೆರ್ರಿ ಸೀಗಡಿ. ಇವುಗಳ ಜೊತೆಗೆ ಒಂದು ಚೀಲ ಗೋಸ್ಟ್ ಶ್ರಿಂಪ್ ತಂದು ಬಿಟ್ಟಿದ್ದ. ಶನಿವಾರ ರಾತ್ರಿ ಅವನ ಫೋನು ಬಂತು.

"ಮಾಮಾ, ನಿಯಾನ್ ಕಡಿಮಿ ಆಗಾಕತ್ತಾವು. ಹತ್ತಿದ್ದವು, ಈಗ ಏಳು. ಸತ್ತದ್ದು ಒಂದೂ ಕಾಣವಲ್ದು."

ಧಾರವಾಡದ ನಮ್ಮ ಮನೆಯಲ್ಲಿ ನಾನು ಬಹಳ ಕಾಲದಿಂದ ಸೀಗಡಿ ಸಾಕುತ್ತಿದ್ದೇನೆ. ಹಾಗಾಗಿ ನೆಂಟರಿಷ್ಟರ ಟ್ಯಾಂಕಿಗೆಲ್ಲ ನಾನೇ ಡಾಕ್ಟರು. ಭೂತಗನ್ನಡಿ, ಟಾರ್ಚು, ಸಣ್ಣ ಬಲೆ ಚೀಲಕ್ಕೆ ಹಾಕಿಕೊಂಡು ಚಿಗರಿ ಬಸ್ ಹತ್ತಿದೆ.

ಹೋದ ಕೂಡಲೇ ಅಕ್ಕನ ದೂರು ಬೇರೆಯೇ. ನಮ್ಮದು ಕಾಯಿಪಲ್ಲೆ ತಿನ್ನುವ ಮನೆ. "ತಮ್ಮಾ, ನಮ್ಮ ಮನ್ಯಾಗ ಸೀಗಡಿ ಅದಾವು ಅಂತ ಇವ ಓಣಿ ತುಂಬ ಹೇಳಿಕೋತ ಅಡ್ಡಾಡತಾನ. ಮಂದಿ ಏನ್ ತಿಳಕೋಬೇಕು?" ಭಾವ ವಕೀಲರು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡಾಡುವವರು. ರವಿವಾರ ಕೇಸಿಲ್ಲದೆ ಅವರಿಗೆ ಹೊತ್ತು ಹೋಗೋದಿಲ್ಲ. ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. "ಆರೋಪಿ ಯಾರು? ಸಾಕ್ಷಿ ಏನೈತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಸೀಗಡಿ ಮೀನನ್ನು ತಿನ್ನುತ್ತಿರೋದು ಕಣ್ಣಿಗೆ ಬಿದ್ದರೂ, ಅದೇ ಕೊಂದಿದೆ ಅಂತ ಹೇಳಲಾಗದು. ಪಾಪದ ಚೆರ್ರಿ ಸೀಗಡಿ ಕೂಡ ಸತ್ತ ಮೀನು ಸಿಕ್ಕರೆ ಬಿಡೋದಿಲ್ಲ. ನಿಯಾನಿನಷ್ಟು ಸಣ್ಣ ಮೀನಾದರೆ ಗುರುತು ಸಿಗದ ಹಾಗೆ ಮುಗಿಸಿಬಿಡುತ್ತವೆ. ಅದಕ್ಕೇ ಮೀನು ಮಾಯವಾದಾಗ ಮೊದಲು ಟ್ಯಾಂಕಿನ ಹೊರಗೆ ಹುಡುಕಬೇಕು. ಹುಡುಕಿದೆವು. ಸ್ಟ್ಯಾಂಡಿನ ಹಿಂದೆ, ಗೋಡೆಯ ಸಂದಿಯಲ್ಲಿ ಒಂದು ನಿಯಾನ್ ಒಣಗಿ ಬಿದ್ದಿತ್ತು. ಫಿಲ್ಟರ್ ಪೈಪಿಗಾಗಿ ಮುಚ್ಚಳದಲ್ಲಿ ಬಿಟ್ಟ ಕಂಡಿಯಿಂದ ಹಾರಿತ್ತು. ಭಾವನಿಗೆ ಖುಷಿಯೋ ಖುಷಿ. "ಒಂದರಾಗ ಆರೋಪಿ ಖುಲಾಸೆ. ಉಳಿದ ಎರಡು?"

ಅದಕ್ಕೆ ಸೀಗಡಿಗಳನ್ನೇ ಹೊರಗೆ ತೆಗೆದು ನೋಡಬೇಕಿತ್ತು. ಖಾಲಿ ಉಪ್ಪಿನಕಾಯಿ ಬಾಟಲಿ ಕೇಳಿದೆ. ಅಕ್ಕ ಕೊಟ್ಟಳು, ಆದರೆ ಅದು ತಿರುಗಿ ಅಡಿಗೆ ಮನೆಗೆ ಬರಬಾರದು ಅಂತ ಮೊದಲೇ ಹೇಳಿಬಿಟ್ಟಳು.

ಹುಡುಗ ತನಗೆ ಗೊತ್ತಿದ್ದ ಹಾಗೆ ಬಣ್ಣದ ಮೇಲೆ ಬೇರೆ ಮಾಡಿದ್ದ. ಕೆಂಪು ಇದ್ದದ್ದು ಚೆರ್ರಿ, ಬಣ್ಣ ಇಲ್ಲದ್ದು ಗೋಸ್ಟ್. ಬಣ್ಣವನ್ನು ನಾನು ಕೊನೆಗೆ ನೋಡುತ್ತೇನೆ. ಚೆರ್ರಿ ಸೀಗಡಿಯ ಕೆಂಪು ಮನುಷ್ಯರು ಆರಿಸಿ ಆರಿಸಿ ತಳಿ ಮಾಡಿ ತಂದದ್ದು. ನಿಯೋಕ್ಯಾರಿಡಿನಾ ಡೇವಿಡಿ ಅನ್ನೋ ಈ ಜೀವಿ ಚೀನಾ, ತೈವಾನ್ ಕಡೆಯ ಹಳ್ಳಗಳಲ್ಲಿ ಮಾಸಲು ಕಂದು ಬಣ್ಣದ್ದೇ. ಅಂಗಡಿಯಲ್ಲಿ ಸಿಗುವ ಹಳದಿ, ನೀಲಿ, ಕೆಂಪು ಎಲ್ಲ ಅದೇ ಜಾತಿ. ಅವನ್ನು ಒಂದೇ ಟ್ಯಾಂಕಿಗೆ ಬಿಟ್ಟರೆ ಕೆಲವು ಪೀಳಿಗೆಯಲ್ಲೇ ಮರಿಗಳು ಆ ಮಾಸಲು ಬಣ್ಣಕ್ಕೆ ತಿರುಗುತ್ತವೆ. ಅಂದರೆ ಬಣ್ಣ ಇಲ್ಲದ ಸೀಗಡಿ ಕೂಡ ಚೆರ್ರಿಯೇ ಆಗಿರಬಹುದು. ಹೆಣ್ಣಾದರೆ ತಲೆಯ ಹಿಂದೆ, ಬೆನ್ನಿನ ಒಳಗೆ ಹಳದಿ ಮಚ್ಚೆ ಕಾಣುತ್ತದೆ, ಅದು ಅಂಡಾಶಯ. ಅದೇ ಮುಂದೆ ಮೊಟ್ಟೆಯಾಗಿ ಹೊಟ್ಟೆಯ ಕೆಳಗೆ ಇಳಿಯುತ್ತದೆ.

ನೋಡಬೇಕಾದದ್ದು ಮುಂಗಾಲು. ನಾನು ಕೈ ಅಂತಲೇ ಕರೆಯೋದು. ಚೆರ್ರಿ, ಅಮಾನೋ ಮುಂತಾದವು ಅಟಿಡೇ ಕುಟುಂಬದವು. ಇವುಗಳ ಮುಂದಿನ ಎರಡು ಜೋಡಿ ಕೈ ಗಿಡ್ಡ. ತುದಿಯಲ್ಲಿ ಕೂದಲಿನ ಗೊಂಚಲು ಇರುತ್ತದೆ. ಅದರಿಂದ ಕಲ್ಲು, ಎಲೆ, ಗಾಜಿನ ಮೇಲಿನ ಪಾಚಿ ಕೆರೆದು ಬಾಯಿಗೆ ಹಾಕಿಕೊಳ್ಳುತ್ತವೆ. ದಿನವಿಡೀ ಇದೇ ಕೆಲಸ. ಆ ಕೈಯಲ್ಲಿ ಓಡುವ ಮೀನನ್ನು ಹಿಡಿಯೋಕೆ ಆಗೋದೇ ಇಲ್ಲ. ಪ್ಯಾಲಿಮೊನಿಡೇ ಕುಟುಂಬದ ಸೀಗಡಿಗಳ ಲೆಕ್ಕ ಬೇರೆ. ಅವುಗಳ ಎರಡನೇ ಜೋಡಿ ಕೈ ಉದ್ದ, ತುದಿಗೆ ನಿಜವಾದ ಇಕ್ಕಳ. ಮೂಗಿನಿಂದ ಮುಂದೆ ಚಾಚಿದ ಮುಳ್ಳಿಗೆ ಮೇಲೂ ಕೆಳಗೂ ಹಲ್ಲುಗಳು. ಈ ಕುಟುಂಬದಲ್ಲಿ ಸಣ್ಣಗೇ ಉಳಿಯುವ, ಅಷ್ಟೇನೂ ತಂಟೆ ಮಾಡದ ಜಾತಿಗಳೂ ಇವೆ. ಆದರೆ ಮ್ಯಾಕ್ರೊಬ್ರೇಕಿಯಂ ಗುಂಪಿನವು ಇರೋದೂ ಇಲ್ಲೇ. ನಮ್ಮಲ್ಲಿ ಸ್ಕ್ಯಾಂಪಿ ಅಂತ ಮಾರುವ ದೊಡ್ಡ ಸಿಹಿನೀರಿನ ಸೀಗಡಿ, ಮ್ಯಾಕ್ರೊಬ್ರೇಕಿಯಂ ರೋಸೆನ್‌ಬರ್ಗಿ, ಇದೇ ಗುಂಪಿನದು. ಅದು 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಇವುಗಳ ಮರಿಗಳು ಎರಡು ಮೂರು ಸೆಂಟಿಮೀಟರ್ ಇದ್ದಾಗ ಆರಪಾರ ಕಾಣುತ್ತವೆ, ಗೋಸ್ಟ್ ಶ್ರಿಂಪ್ ಚೀಲದೊಳಗೆ ಸಲೀಸಾಗಿ ಸೇರಿಹೋಗುತ್ತವೆ.

ಬಾಟಲಿಗೆ ಒಂದೊಂದೇ ಹಾಕಿ ಭೂತಗನ್ನಡಿ ಹಿಡಿದೆವು. ಗೋಸ್ಟ್ ಅಂತ ಕೊಟ್ಟಿದ್ದರಲ್ಲಿ ಮುಕ್ಕಾಲು ಪಾಲು ಗಿಡ್ಡ ಕೈಯವು, ಪಾಚಿ ತಿನ್ನುವವು. ಮನೆಯಲ್ಲಿ ಕೂತು ಅವುಗಳ ಜಾತಿಯ ಪೂರ್ತಿ ಹೆಸರು ಹಿಡಿಯೋ ಹಟ ಬೇಡ. ಕುಟುಂಬ ತಿಳಿದರೆ ಜೊತೆಗೆ ಯಾವ ಮೀನು ಬಿಡಬೇಕು ಅನ್ನೋದು ತಿಳಿಯುತ್ತದೆ. ಕಟ್ಟಿಗೆಯ ಕೆಳಗೆ ಅಡಗಿದ್ದ ಒಂದನ್ನು ಹಿಡಿಯೋದೇ ಕಷ್ಟವಾಯಿತು. ಬಲೆಗೆ ಬಂದಾಗ ಹುಡುಗ ಬಾಯಿ ತೆರೆದು ನಿಂತ. ಅದರ ಕೈ ಹೆಚ್ಚುಕಡಿಮೆ ಮೈಯಷ್ಟೇ ಉದ್ದ, ಇಕ್ಕಳ ಎದ್ದು ಕಾಣುತ್ತಿತ್ತು. "ಮಾಮಾ, ತಂದಾಗ ಇಷ್ಟ್ ದೊಡ್ಡದು ಇರಲಿಲ್ಲ."

ಆದರೂ ಭಾವ ಒಪ್ಪಲಿಲ್ಲ. ಕೈ ಉದ್ದ ಇದ್ದ ಮಾತ್ರಕ್ಕೆ ಅಪರಾಧಿ ಆಗೋದಿಲ್ಲವಂತೆ. ಅದನ್ನು ತಿರುಗಿ ಟ್ಯಾಂಕಿಗೆ ಬಿಟ್ಟು ಕತ್ತಲಾಗೋವರೆಗೆ ಕಾದೆವು. ಅಕ್ಕ ರೊಟ್ಟಿ, ಮುಳಗಾಯಿ ಎಣಗಾಯಿ ಬಡಿಸಿದಳು. ಆಮೇಲೆ ಲೈಟ್ ಆರಿಸಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕೂತೆವು. ರಾತ್ರಿ ನಿಯಾನಿನ ನೀಲಿ ಪಟ್ಟಿ ಮಂಕಾಗುತ್ತದೆ, ಮೀನು ಇದ್ದಲ್ಲೇ ತೇಲುತ್ತ ನಿಂತುಬಿಡುತ್ತದೆ. ಉದ್ದ ಕೈಯ ಜೀವಿಗೆ ಬೇಕಾದದ್ದೂ ಅದೇ. ಕಟ್ಟಿಗೆಯಡಿಯಿಂದ ಹೊರಗೆ ಬಂತು. ಇಕ್ಕಳದಿಂದ ಅಲ್ಲಿ ಇಲ್ಲಿ ಮುಟ್ಟಿ ನೋಡುತ್ತ ಮಾಸ್ ಮೇಲೆ ಹತ್ತಿತು. ನಿಂತಿದ್ದ ನಿಯಾನಿನ ಬಾಲಕ್ಕೆ ಕೈ ಹಾಕೇಬಿಟ್ಟಿತು. ಮೀನು ಚಿಮ್ಮಿ ತಪ್ಪಿಸಿಕೊಂಡಿತು.

ಭಾವ ತೀರ್ಪು ಕೊಟ್ಟರು. "ಇದು ಕೊಲೆ ಯತ್ನ. ಹಳೇ ಲೆಕ್ಕದಾಗ 307, ಹೊಸ ಕಾಯಿದೆದಾಗ 109. ಹೆಣ ಸಿಗೋತನಕ 302 ಹಚ್ಚಾಕ ಬರೂದಿಲ್ಲ."

ಟ್ಯಾಂಕಿನಿಂದ ಹೊರಗೆ ಹಾಕಲು ಅಷ್ಟೇ ಸಾಕಾಗಿತ್ತು. ಎಲ್ಲಿಗೆ ಅನ್ನೋದು ಪ್ರಶ್ನೆ. "ಉಣಕಲ್ ಕೆರಿಗೆ ಬಿಟ್ಟು ಬರ್ಲಾ?" ಅಂದ ಹುಡುಗ. ಬೇಡವೇ ಬೇಡ ಅಂದೆ. ಅಂಗಡಿಯಿಂದ ಬಂದ ಪ್ರಾಣಿ ಯಾವ ನೀರಿನದು, ಯಾವ ರೋಗ ಹೊತ್ತು ತಂದಿದೆ ಅಂತ ಯಾರು ನೋಡಿದ್ದಾರೆ? ನಮ್ಮ ಕೆರೆಗಳಿಗೆ ಇರುವ ತೊಂದರೆಯೇ ಸಾಕಷ್ಟಿದೆ. ಮನೆಯಲ್ಲಿ ಹಳೆಯದೊಂದು ಟ್ಯಾಂಕ್ ಇತ್ತು. ಒಂದು ಏರ್ ಪಂಪು, ಅಡಗೋಕೆ ಒಡೆದ ಕುಂಡದ ಚೂರು ಹಾಕಿ ಒಂಟಿಯಾಗಿ ಇಟ್ಟೆವು. ನನ್ನನ್ನು ಕೇಳಿದರೆ ಒಂಟಿಯಾಗಿ ಸಾಕೋಕೆ ಅದು ಚೆರ್ರಿಗಿಂತ ಮಜಾ ಇರುವ ಪ್ರಾಣಿ.

ಸೀಗಡಿ ಮತ್ತು ಮೀನಿನ ಹೊಂದಾಣಿಕೆ ಅಂದರೆ ಎಲ್ಲರೂ ಕೇಳೋದು ಮೀನು ಸೀಗಡಿಯನ್ನು ತಿನ್ನುತ್ತದಾ ಅಂತ. ಉಲ್ಟಾ ಕೇಳುವವರು ಕಡಿಮೆ. ಹುಡುಗನ ಮುಂದಿನ ಪ್ರಶ್ನೆಯೂ ಅದೇ ಆಗಿತ್ತು. ಬಾಯಿಗೆ ಹಿಡಿಸಿದ್ದನ್ನು ಮೀನು ತಿನ್ನುತ್ತದೆ, ಇದಕ್ಕಿಂತ ದೊಡ್ಡ ಶಾಸ್ತ್ರ ಇಲ್ಲ. ಏಂಜಲ್, ಗೋಲ್ಡ್ ಫಿಶ್ ದೊಡ್ಡ ಚೆರ್ರಿಯನ್ನೇ ನುಂಗುತ್ತವೆ. ನಿಯಾನ್, ಗಪ್ಪಿ ದೊಡ್ಡವನ್ನು ಬಿಟ್ಟು ಮರಿಗಳನ್ನು ಆರಿಸಿ ತಿನ್ನುತ್ತವೆ. ಬೆಟ್ಟಾ ಒಂದೊಂದು ಒಂದೊಂದು ಥರ. ಕೆಲವು ಸುಮ್ನೆ ಇರುತ್ತವೆ, ಕೆಲವು ಬೆನ್ನು ಹತ್ತಿ ಕೊಲ್ಲುತ್ತವೆ. ಮರಿಗಳನ್ನೂ ಮುಟ್ಟದ ಮೀನು ಬೇಕೆಂದರೆ ಪಾಚಿ ತಿನ್ನುವ ಓಟೊಸಿಂಕ್ಲಸ್ ತರಬೇಕು. ಚೆರ್ರಿ ಒಂದು ಸಲಕ್ಕೆ 20–30 ಮೊಟ್ಟೆ ಹೊರುತ್ತದೆ, ಮೂರು ನಾಲ್ಕು ವಾರದಲ್ಲಿ ಮರಿಗಳು ದೊಡ್ಡದರ ಪಡಿಯಚ್ಚಾಗಿಯೇ ಹೊರಗೆ ಬರುತ್ತವೆ. ಮಾಸ್ ದಟ್ಟವಾಗಿದ್ದರೆ ನಿಯಾನ್ ಇದ್ದರೂ ಒಂದಿಷ್ಟು ಉಳಿಯುತ್ತವೆ. ಮಾಸ್ ಜಾಸ್ತಿ ಮಾಡು, ನಿಯಾನ್ ಹೆಚ್ಚಿಸಬೇಡ ಅಂದೆ.

ಅವನ ಕಪಾಟು ಕೂಡ ನೋಡಿದೆ. ಮೀನಿಗೆ ಬಿಳಿ ಚುಕ್ಕೆ ಬಂದಾಗ ತಂದ ಔಷಧಿಯ ಶೀಶೆಯಿತ್ತು, ಲೇಬಲ್ಲಿನ ಮೇಲೆ ಕಾಪರ್ ಸಲ್ಫೇಟ್ ಅಂತ ಇತ್ತು. ಮೀನು ತಡೆದುಕೊಳ್ಳುವಷ್ಟು ತಾಮ್ರಕ್ಕೇ ಸೀಗಡಿ ಸಾಯುತ್ತದೆ. ಅದನ್ನು ಟ್ಯಾಂಕಿನ ಹತ್ತಿರ ಇಡಲೂ ಬೇಡ ಅಂದೆ. ಪಕ್ಕದ ಡಬ್ಬಿಯಲ್ಲಿ "ಸತ್ತ ಸೀಗಡಿ" ಅಂತ ಎತ್ತಿಟ್ಟಿದ್ದವು ಬರೀ ಪೊರೆ. ಬೆಳೆಯುವಾಗ ಕಳಚಿದ್ದು, ಒಳಗೆ ಏನೂ ಇಲ್ಲ. ನಿಜವಾಗಿ ಸತ್ತದ್ದು ಮಬ್ಬಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಕೊನೆಗೆ ಉಳಿದದ್ದು ಅವನು ದುಬಾರಿ ದುಡ್ಡು ಕೊಟ್ಟು ತಂದಿದ್ದ "ಅಮಾನೋ". ಜಪಾನಿನ ತಕಾಶಿ ಅಮಾನೋ 1980ರ ದಶಕದಲ್ಲಿ ಪಾಚಿ ತಿನ್ನೋಕೆ ತಮ್ಮ ಗಿಡದ ಟ್ಯಾಂಕುಗಳಲ್ಲಿ ಬಿಟ್ಟು ಜನಪ್ರಿಯ ಮಾಡಿದ ಸೀಗಡಿ ಅದು. ಅಸಲಿ ಅಮಾನೋ ಪಕ್ಕೆಯಲ್ಲಿ ಕಂದುಗೆಂಪು ಚುಕ್ಕೆಗಳು ಸಾಲಾಗಿರುತ್ತವೆ. ಹೆಣ್ಣಾದರೆ ಕೆಳಸಾಲಿನ ಚುಕ್ಕೆ ಉದ್ದುದ್ದ ಗೆರೆಯಾಗಿರುತ್ತದೆ. ಅದರ ಮರಿಗಳಿಗೆ ಉಪ್ಪು ಬೆರೆತ ನೀರು ಬೇಕು, ಮನೆಯ ಸಿಹಿನೀರಿನ ಟ್ಯಾಂಕಿನಲ್ಲಿ ಉಳಿಯೋದಿಲ್ಲ. ಹುಡುಗನ ಅಮಾನೋ ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಜೊತೆಗೆ ಅದು ಟ್ಯಾಂಕಿನಲ್ಲೇ ಮರಿ ಹಾಕಿತ್ತಂತೆ, ಮರಿಗಳು ಮಾಸಿನಲ್ಲಿ ಓಡಾಡಿಕೊಂಡಿದ್ದವು. ಬಣ್ಣಗೆಟ್ಟ ಚೆರ್ರಿಯನ್ನೇ ಅಮಾನೋ ರೇಟಿಗೆ ಕೊಟ್ಟಿದ್ದರು.

ಭಾವ ಕುರ್ಚಿಯಲ್ಲಿ ಸರಿಯಾಗಿ ಎದ್ದು ಕೂತರು. "ಇದು ಕೇಸು! ಗ್ರಾಹಕರ ಆಯೋಗಕ್ಕ ಒಂದು ಅರ್ಜಿ ಒಗದುಬಿಡೂಣು. ಬಿಲ್ ಎಲ್ಲೈತಿ?"

ಹುಡುಗ ನನ್ನ ಮುಖ ನೋಡಿದ. "ಬಿಲ್ ಕೊಡೂದಿಲ್ಲರಿ ಅವರು."

"ಹಂಗಾದ್ರ ಹೋಗಿ ಮಕ್ಕೊ" ಅಂದರು ಭಾವ.