ಒಂದೇ ತಟ್ಟೆಯ ಮುದ್ದೆ: ಮಗುವಿನ ಪಾಲೆಷ್ಟು?

ಹೊಸದುರ್ಗದ ಕಡೆ ತಾಯಿ-ಮಗು ಒಂದೇ ತಟ್ಟೆಯಲ್ಲಿ ಉಣ್ಣುವಾಗ, ಮಗು ಎಷ್ಟು ಉಂಡಿತೆಂದು ಆಹಾರ ಸಮೀಕ್ಷೆಗೆ ಬರೆಯುವವರು ಊಟವನ್ನು ಅರ್ಧಕ್ಕರ್ಧ ಎಂದು ಬರೆದುಕೊಂಡರೆ ಲೆಕ್ಕ ಕೆಟ್ಟಂತೆಯೇ. 1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ಖಾಲಿ ತಟ್ಟೆ ತೂಗಿ. ಮುದ್ದೆ ಇಟ್ಟು ಒಮ್ಮೆ, ಸಾರು ಬಿಟ್ಟು ಇನ್ನೊಮ್ಮೆ ತೂಗಿ. ಆಮೇಲೆ ಮಗುವಿನ ತುತ್ತು ಮಾತ್ರ ಎಣಿಸಿ.

ತುತ್ತಿನ ತೂಕವೇ ಕಷ್ಟದ್ದು. ಊಟದ ಶುರು, ನಡು, ಕೊನೆಯಲ್ಲಿ ಎರಡೆರಡು ತುತ್ತನ್ನು ತಾಯಿಯ ಕೈಯಿಂದಲೇ ಬಟ್ಟಲಿಗೆ ಹಾಕಿಸಿ ತೂಗಿ, ಸರಾಸರಿ ಹಿಡಿಯಿರಿ. ಶುರುವಿನವನ್ನಷ್ಟೇ ತೂಗಿದರೆ ಲೆಕ್ಕ ಏರಬಹುದು. ಹೊಟ್ಟೆ ತುಂಬಿದ ಮಗುವಿಗೆ ತುತ್ತು ಚಿಕ್ಕದಾಗುತ್ತದೆ. ಉದಾಹರಣೆಗೆ, ಸರಾಸರಿ 12 ಗ್ರಾಂನಂತೆ 9 ತುತ್ತು ಎಂದರೆ 108. ಚೆಲ್ಲಿದ್ದು, ಉಗಿದದ್ದು 14 ಕಳೆದರೆ 94 ಗ್ರಾಂ.

ನಡುವೆ ಸಾರು ಬಡಿಸಿದರೆ ಆ ಸೌಟನ್ನೂ ತೂಗಬೇಕು. ಎದುರಿಗೆ ಯಾರೋ ಕೂತು ಬರೆಯುತ್ತಿದ್ದರೆ ಅಮ್ಮಂದಿರು ನಾಲ್ಕು ತುತ್ತು ಜಾಸ್ತಿಯೇ ತುರುಕುತ್ತಾರೆ. ಹಾಗಾಗಿ ಮೊದಲ ದಿನದ ಅಂಕಿ ಕೈಬಿಡಿ.