ಆ ಒಂದು ‘ಎಲ್’ ಅಕ್ಷರ ನೋಡಿ, ಆಮೇಲೆ ರ್‍ಯಾಮ್ ತಗೊಳ್ಳಿ

ಅಕೌಂಟ್ಸ್‌ನವರ ಟಿಕೆಟ್, ಅಂದರೆ ನಮ್ಮ ಐಟಿ ಸಪೋರ್ಟ್‌ಗೆ ಬರುವ ದೂರು, ತೆರೆದರೆ ಮುಕ್ಕಾಲು ಪಾಲು ಒಂದೇ ಮಾತು: ‘ಸಿಸ್ಟಂ ಸ್ಲೋ’. ನಮ್ಮ ಮ್ಯಾನೇಜ್‌ಮೆಂಟ್ ಹೇಳುವ ಮದ್ದೂ ಒಂದೇ: ರ್‍ಯಾಮ್ (ಮೆಮೊರಿ) ಹಾಕಿಬಿಡಿ. ಯಾವ ಲ್ಯಾಪ್‌ಟಾಪಿಗೆ ಯಾವ ರ್‍ಯಾಮ್ ಅಂತ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಇನ್ನೂ ಥಿಂಕ್‌ಪ್ಯಾಡ್ ಎಕ್ಸ್240 ಓಡುತ್ತಿವೆ, ಸೆಕೆಂಡ್‌ಹ್ಯಾಂಡ್ ತಗೊಂಡವು. 12.5 ಇಂಚಿನ ಪುಟ್ಟ ಮಷೀನು, ಗಟ್ಟಿಮುಟ್ಟು. ಆದರೆ ರ್‍ಯಾಮ್‌ಗೆ ಒಂದೇ ಸ್ಲಾಟ್. ಇರುವ 4 ಜಿಬಿ ಪಕ್ಕದಲ್ಲಿ ಇನ್ನೊಂದು 4 ಹಾಕಲು ಜಾಗವಿಲ್ಲ. ಹಳೆಯದನ್ನು ತೆಗೆದು 8 ಜಿಬಿಯದು ಹಾಕಬೇಕು, ಅಷ್ಟೇ. ಪರ್ಚೇಸ್‌ನವರಿಗೆ ಮೇಲ್‌ನಲ್ಲಿ ಇದನ್ನೆಲ್ಲ ಬರೆದಿದ್ದೆ, ‘ಡಿಡಿಆರ್3ಎಲ್’ ಅಂತ ಬಗೆಯನ್ನೂ ಬಿಡಿಸಿಯೇ. ಪಿಒ (ಖರೀದಿ ಆರ್ಡರ್) ಆಗುವಷ್ಟರಲ್ಲಿ ಅದು ‘8 ಜಿಬಿ ಡಿಡಿಆರ್3 ಲ್ಯಾಪ್‌ಟಾಪ್ ರ್‍ಯಾಮ್’ ಆಗಿತ್ತು. ಸ್ವಲ್ಪ ಅಗ್ಗಕ್ಕೆ ಸಿಕ್ಕಿತಂತೆ.

ಪ್ಯಾಕೆಟ್ ಕೈಗೆ ಬಂದದ್ದು 19ನೇ ತಾರೀಖು ಸಂಜೆ. ಮರುದಿನ ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಫೈಲ್ ಮಾಡಲು ಕೊನೆಯ ದಿನ. ಅಕೌಂಟ್ಸ್ ಮೇಡಂ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ, ದೊಡ್ಡ ಎಕ್ಸೆಲ್, ಕ್ರೋಮ್‌ನಲ್ಲಿ ಜಿಎಸ್‌ಟಿ ಪೋರ್ಟಲ್, ಎಲ್ಲಾ ಒಟ್ಟಿಗೆ ತೆರೆದಿತ್ತು. ಒಂದು ಸೆಲ್ ಒತ್ತಿದರೆ ಗಿರಗಿರ ತಿರುಗುತ್ತಾ ನಿಲ್ಲುತ್ತಿತ್ತು. ‘ಈಗಲೇ ಹಾಕಿಕೊಡಿ ಸರ್, ಹೀಗಾದ್ರೆ ನಾಳೆ ಆಗಲ್ಲ’ ಅಂದರು.

ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಹೋಗಿ ಒಳಗಿನ ಬ್ಯಾಟರಿ ಡಿಸೇಬಲ್ ಮಾಡಿದೆ. ಹೊರಗಿನದನ್ನು ಕಳಚಿದೆ. ಕೆಳಗಿನ ಕವರ್ ತೆಗೆದೆ. ಎರಡೂ ಬದಿಯ ಕ್ಲಿಪ್ ಸರಿಸಿದಾಗ ಹಳೆಯ ರ್‍ಯಾಮ್ ಓರೆಯಾಗಿ ಎದ್ದಿತು. ಹೊಸದು ಸಲೀಸಾಗಿ ಒಳಗೆ ಹೋಯಿತು, ಕ್ಲಿಪ್ ಟಕ್ ಅಂತ ಕೂತಿತು. ಪವರ್ ಒತ್ತಿದೆ. ಬೀಪ್. ಸ್ಕ್ರೀನ್ ಕಪ್ಪು.

ಮೇಡಂ ಪಕ್ಕದಲ್ಲೇ ನಿಂತಿದ್ದರು. ತೆಗೆದು ಮತ್ತೆ ಹಾಕಿದೆ. ಬೀಪ್. ಚಿನ್ನದ ಬಣ್ಣದ ಪಿನ್‌ಗಳನ್ನು ರಬ್ಬರಿನಿಂದ ಒರೆಸಿ ಹಾಕಿದೆ. ಬೀಪ್. ‘ಸ್ಲಾಟ್ ಹೋಗಿದೆ ಅನ್ಸುತ್ತೆ ಸರ್’ ಅಂದ ಜೂನಿಯರ್ ಹುಡುಗ, ಮೇಡಂಗೆ ಕೇಳಿಸುವ ಹಾಗೆ. ಅವರ ಮುಖ ನೋಡಲಾಗಲಿಲ್ಲ. ಯೂಸರ್ ಎದುರಿಗಿದ್ದಾಗ ಗೊತ್ತಿಲ್ಲದ ದೋಷವನ್ನು ಬಾಯಿಬಿಟ್ಟು ಹೇಳಬಾರದು ಅಂತ ಅವನಿಗೆ ಆಮೇಲೆ ಕೂರಿಸಿ ಹೇಳಿದೆ.

ಎರಡೂ ರ್‍ಯಾಮ್‌ಗಳನ್ನು ಟೇಬಲ್ ಲ್ಯಾಂಪ್ ಕೆಳಗೆ ಅಕ್ಕಪಕ್ಕ ಇಟ್ಟೆ. ಅಳತೆ ಒಂದೇ, ಕಚ್ಚು ಒಂದೇ ಜಾಗದಲ್ಲಿ, ಎರಡಕ್ಕೂ 204 ಪಿನ್. ಹಳೆಯದರ ಲೇಬಲ್ ಮೇಲೆ ಪಿಸಿ3ಎಲ್-12800. ಹೊಸದರ ಮೇಲೆ ಪಿಸಿ3-12800. ಎಲ್ ಇಲ್ಲ.

ಎಲ್ ಇಲ್ಲದ, ಅಂದರೆ ಬರೀ ಡಿಡಿಆರ್3ಗೆ 1.5 ವೋಲ್ಟ್ ಬೇಕು. ಡಿಡಿಆರ್3ಎಲ್ 1.35 ವೋಲ್ಟಿನಲ್ಲೇ ನಡೆಯುತ್ತದೆ. ಎಕ್ಸ್240ಯಲ್ಲಿರುವುದು ಇಂಟೆಲ್‌ನ 4ನೇ ಪೀಳಿಗೆಯ ಯು ಸರಣಿಯ ಪ್ರೊಸೆಸರ್. ಅದಕ್ಕೆ 1.35ರದ್ದೇ ಬೇಕು. ತಪ್ಪು ರ್‍ಯಾಮ್ ಸ್ಲಾಟಿನಲ್ಲಿ ಕೂರುತ್ತೆ, ಮಷೀನು ಮಾತ್ರ ಬೂಟ್ ಆಗಲ್ಲ. ಎಲ್ ಇರುವುದನ್ನು ಸಾಮಾನ್ಯವಾಗಿ 1.5 ವೋಲ್ಟಿನ ಹಳೆಯ ಲ್ಯಾಪ್‌ಟಾಪಿಗೂ ಹಾಕಬಹುದು. ಅಂದರೆ ಎಲ್ ಇರುವುದನ್ನೇ ತರಿಸಿದ್ದರೆ ಸ್ಟೋರ್‌ನಲ್ಲಿ ಎರಡೂ ಕಡೆಗೆ ಆಗುತ್ತಿತ್ತು. ಉಳಿಸಿದ ದುಡ್ಡು ವಾಪಸ್ ಕಳಿಸುವ ಕೊರಿಯರ್‌ಗೇ ಹೋಯಿತು.

ಹಳೆಯ 4 ಜಿಬಿಯನ್ನೇ ಮತ್ತೆ ಹಾಕಿದೆ. ರ್‍ಯಾಮ್ ಬದಲಾದಾಗ ಮೊದಲ ಬೂಟ್ ಸ್ವಲ್ಪ ತಡವಾಗಬಹುದು. ಗೊತ್ತಿದ್ದರೂ ಆ ಕಪ್ಪು ಸ್ಕ್ರೀನ್ ನೋಡುತ್ತಾ ಕೈ ಬೆವರಿತು. ಲೋಗೋ ಬಂತು. ಕ್ರೋಮ್‌ನ ಬೇಡದ ಟ್ಯಾಬ್ ಮುಚ್ಚಿಸಿ, ಸ್ಟಾರ್ಟಪ್‌ನಲ್ಲಿ ಸುಮ್ನೆ ಕೂತಿದ್ದ ಪ್ರೋಗ್ರಾಂಗಳನ್ನು ಆಫ್ ಮಾಡಿಕೊಟ್ಟೆ. ಮರುದಿನ 3ಬಿ ಹೋಯಿತು, ಸಂಜೆಯ ಹೊತ್ತಿಗೆ.

ಈಗ ಟಿಕೆಟ್ ಬಂದರೆ ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯುತ್ತೇನೆ. ಯೂಸರ್ ದಿನಾ ಮಾಡುವ ಕೆಲಸವನ್ನೇ ಮಾಡಿಸಿ ನೋಡುತ್ತೇನೆ. ಮೆಮೊರಿ ಅರ್ಧವೂ ತುಂಬದೆ ಡಿಸ್ಕ್ ಮಾತ್ರ 100% ತೋರಿಸಿದರೆ ರ್‍ಯಾಮ್ ಹಾಕಿ ಪ್ರಯೋಜನವಿಲ್ಲ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬೇಕು. ವಿಂಡೋಸ್ 32 ಬಿಟ್ ಇದ್ದರೆ 4 ಜಿಬಿ ದಾಟಿ ಏನು ಹಾಕಿದರೂ ದಂಡ. ಎಷ್ಟು ಸ್ಲಾಟ್ ಇದೆ ಅಂತಲೂ ಟಾಸ್ಕ್ ಮ್ಯಾನೇಜರ್‌ನಲ್ಲೇ ತೋರಿಸುತ್ತೆ. ಆದರೂ ಕವರ್ ಬಿಚ್ಚಿ ಲೇಬಲ್‌ನ ಫೋಟೊ ತೆಗೆಯದೆ ಇಂಡೆಂಟ್ (ಖರೀದಿ ಕೋರಿಕೆ) ಹಾಕಲ್ಲ. ಹೊಸದು ಹಾಕಿದ ಮೇಲೆ ರಾತ್ರಿಯಿಡೀ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸದೆ ಟಿಕೆಟ್ ಕ್ಲೋಸ್ ಮಾಡಲ್ಲ. ಎಸ್‌ಎಲ್‌ಎ (ಟಿಕೆಟ್ ಮುಗಿಸುವ ಗಡುವು) ಮೀರಿತು ಅಂತ ತಿಂಗಳ ರಿಪೋರ್ಟ್‌ನಲ್ಲಿ ಕೆಂಪು ಬರುತ್ತೆ. ಬರಲಿ. ಒಬ್ಬರ ತಿಂಗಳ ಲೆಕ್ಕವೆಲ್ಲ ಆ ಮಷೀನಿನಲ್ಲಿ ಇರುತ್ತೆ ಅಲ್ವಾ?

ಈ ವಾರ ಹೊಸ ಲ್ಯಾಪ್‌ಟಾಪ್‌ಗಳಿಗೆ ಕೊಟೇಶನ್ ಬಂದಿದೆ. ತೆಳ್ಳಗಿನ ಮಾಡೆಲ್, ರ್‍ಯಾಮ್ 8 ಜಿಬಿ, ಬೋರ್ಡಿಗೇ ಸೋಲ್ಡರ್ ಮಾಡಿರುವಂಥದ್ದು. ಸ್ಲಾಟೇ ಇಲ್ಲ, ಆಮೇಲೆ ಸೇರಿಸೋಣ ಅನ್ನುವ ಹಾಗಿಲ್ಲ. ಈಗಲೇ 16 ಜಿಬಿಯದು ತಗೊಳ್ಳಿ, ಇಲ್ಲವೇ ಸ್ಲಾಟ್ ಇರುವ ಮಾಡೆಲ್ ಕೇಳಿ ಅಂತ ಮೇಲ್ ಹಾಕಿದ್ದೇನೆ. ಈ ಸಲ ಪರ್ಚೇಸ್‌ನವರ ಟೇಬಲ್‌ಗೂ ಹೋಗಿ ಪಕ್ಕದಲ್ಲಿ ಕೂತು ಹೇಳಿ ಬಂದೆ. ಪಿಒ ಇನ್ನೂ ಆಗಿಲ್ಲ.